ಹರಿಣಾಕ್ಷಿಯವರ ಆಫೀಸಿಲ್ಲದ ಕಂಪನಿ

ಪುತ್ತೂರಿನ ದರ್ಬೆಯ ಒಂದು ಮುದ್ರಣಾಲಯದಲ್ಲಿ ಹರಿಣಾಕ್ಷಿ ಹತ್ತೊಂಬತ್ತು ವರ್ಷ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡಿದ್ದರು. ಮದುವೆ ಕಾಗದ, ಸಹಕಾರಿ ಸಂಘದ ವರದಿ, ಶಾಲೆಗಳ ಸ್ಮರಣ ಸಂಚಿಕೆ, ಎಲ್ಲವೂ ಅವರ ಕೈ ದಾಟಿಯೇ ಅಚ್ಚಿಗೆ ಹೋಗುತ್ತಿದ್ದವು. ಕೊರೋನಾದ ಎರಡನೇ ವರ್ಷ ಮಾಲೀಕರು ಯಂತ್ರಗಳನ್ನು ಮಾರಿ ಬಾಗಿಲು ಹಾಕಿದರು. ಹಳೆಯ ಕಂಪ್ಯೂಟರೊಂದನ್ನು ಇವರಿಗೆ ಬಿಟ್ಟುಕೊಟ್ಟರು. ಅದನ್ನು ರಿಕ್ಷಾದಲ್ಲಿ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟ ಮೂರನೇ ದಿನವೇ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. ಕಂಪನಿ ಶುರುವಾದದ್ದು ಹಾಗೆ.

ಕೆಲಸ ಹೆಚ್ಚಿದಾಗ ಇಬ್ಬರನ್ನು ಜೊತೆಗೆ ಸೇರಿಸಿಕೊಂಡರು. ಸುಳ್ಯದ ಗಾನಶ್ರೀ ಮೊದಲು ಅದೇ ಮುದ್ರಣಾಲಯದಲ್ಲಿದ್ದವಳು, ಮಗುವಾದ ಮೇಲೆ ಮನೆಯಲ್ಲಿದ್ದಳು. ಕಡಬದ ತೃಪ್ತಿ ಪರಿಚಯವಾದದ್ದು ಫೋನಿನಲ್ಲಿ. ಅವಳು ಟೈಪ್ ಮಾಡಿ ಕಳಿಸಿದ ಮೊದಲ ಹತ್ತು ಪುಟಗಳಲ್ಲಿ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಹರಿಣಾಕ್ಷಿ ಬೇರೇನೂ ವಿಚಾರಿಸಲಿಲ್ಲ.

ಮೂವರೂ ತಮ್ಮ ತಮ್ಮ ಮನೆಯಲ್ಲೇ ಕೂತು ಎರಡು ವರ್ಷ ಕೆಲಸ ಮಾಡಿದರು. ಬಸ್ಸಿಗೆ ಓಡುವುದಿಲ್ಲ, ಬಾಡಿಗೆಯಿಲ್ಲ. ಗಾನಶ್ರೀ ಮಗುವನ್ನು ಮಲಗಿಸಿ ಬಂದು ಕೂರುತ್ತಿದ್ದಳು. ತೊಂದರೆಗಳೂ ಇದ್ದವು. ಬೋರ್ಡ್ ಇಲ್ಲದ ಕಂಪನಿಯನ್ನು ನಂಬದೆ ಕೆಲವರು ಹಿಂದೆ ಸರಿದರು. ಜೋರು ಗಾಳಿ ಬಂದರೆ ಕಡಬದಲ್ಲಿ ನೆಟ್‌ವರ್ಕ್ ಹೋಗಿ ತೃಪ್ತಿ ದಿನಗಟ್ಟಲೆ ಸಿಗುತ್ತಿರಲಿಲ್ಲ.

ದೊಡ್ಡ ಎಡವಟ್ಟಾದದ್ದು ಮೂರನೇ ವರ್ಷ, ಅರಂತೋಡು ಕಡೆಯ ಒಂದು ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ. ನಿವೃತ್ತ ಮುಖ್ಯೋಪಾಧ್ಯಾಯ ದೇರಣ್ಣನವರ ಫೋಟೊ, ತೀರಿಕೊಂಡವರಿಗೆ ನುಡಿನಮನ ಸಲ್ಲಿಸುವ ಪುಟದಲ್ಲಿ ಅಚ್ಚಾಗಿತ್ತು. ದೇರಣ್ಣನವರು ಸಮಾರಂಭದ ಮುಂದಿನ ಸಾಲಿನಲ್ಲೇ ಕೂತಿದ್ದರು. ಪುಸ್ತಕ ಬಿಡಿಸಿ ಆ ಪುಟ ನೋಡಿದ ಕೂಡಲೇ ಎದ್ದು ಹೋದರಂತೆ.

ಮಹೋತ್ಸವ ಸಮಿತಿಯವರು ದೇರಣ್ಣನವರ ಹೆಸರು ತೆಗೆದು ತಿದ್ದಿದ ಪಟ್ಟಿಯನ್ನು ಸಕಾಲದಲ್ಲೇ ಕಳಿಸಿದ್ದರು. ಅದು ವಾಟ್ಸಾಪ್ ಗುಂಪಿಗೆ ಬಂದಾಗ ಗಾನಶ್ರೀ ಹೆಬ್ಬೆರಳಿನ ಗುರುತು ಹಾಕಿದ್ದಳು. ಅವಳ ಲೆಕ್ಕದಲ್ಲಿ ಅದು ‘ನೋಡಿದೆ’ ಎಂದಾಗಿತ್ತು. ತೃಪ್ತಿ ಅದನ್ನು ‘ಸರಿಮಾಡಿದೆ’ ಎಂದುಕೊಂಡಳು. ಒಂದೇ ಕೋಣೆಯಲ್ಲಿ ಕೂತಿದ್ದರೆ ಒಬ್ಬಳು ತಲೆ ತಿರುಗಿಸಿ ಕೇಳಿದರೆ ಸಾಕಾಗುತ್ತಿತ್ತು.

ಮರುದಿನ ಹರಿಣಾಕ್ಷಿ ಒಬ್ಬರೇ ಅರಂತೋಡಿಗೆ ಬಸ್ ಹತ್ತಿದರು. ದೇರಣ್ಣನವರ ಹೆಂಡತಿ ನೀಲಾವತಿ ಬಾಗಿಲಲ್ಲೇ ನಿಲ್ಲಿಸಿ, “ಒಂದು ಫೋನ್ ಮಾಡಿ ಕೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?” ಎಂದರು. ಹರಿಣಾಕ್ಷಿ ತಪ್ಪಾಯಿತು ಎಂದರು. ಒಳಗಿನಿಂದ ಬಂದ ದೇರಣ್ಣನವರು ಕುರ್ಚಿ ತೋರಿಸಿ, ಸಂಚಿಕೆಯನ್ನು ಅವರ ಕೈಗಿಟ್ಟರು. ಅಲ್ಲಲ್ಲಿ ಕೆಂಪು ಶಾಯಿಯ ಗುರುತು.

“ನಾನು ಸತ್ತದ್ದು ಒಂದೇ ಅಲ್ಲ ತಪ್ಪು. ಇನ್ನೂ ಹನ್ನೊಂದು ಉಂಟು,” ಎಂದರು.

ನಗಬೇಕೋ ಅಳಬೇಕೋ ತಿಳಿಯದೆ ಹರಿಣಾಕ್ಷಿ ಆ ಹನ್ನೊಂದನ್ನೂ ಅಲ್ಲೇ ಕೂತು ನೋಡಿದರು. ಎಲ್ಲವೂ ನಿಜವಾದ ತಪ್ಪುಗಳೇ ಆಗಿದ್ದವು.

ಊರಿಗೆ ಮರಳಿದವರೇ ದರ್ಬೆಯ ಮುಖ್ಯರಸ್ತೆಯಲ್ಲಿ ಒಂದು ಕೋಣೆ ನೋಡಿದರು. ಇನ್ನು ಎಲ್ಲರೂ ಒಟ್ಟಿಗೆ ಕೂತೇ ಕೆಲಸ ಮಾಡಬೇಕೆಂದು ನಿಶ್ಚಯಿಸಿ ಇಬ್ಬರಿಗೂ ಒಟ್ಟಿಗೆ ಫೋನ್ ಮಾಡಿದರು. ಗಾನಶ್ರೀಗೆ ಖುಷಿಯಾಯಿತು, ಮಗುವನ್ನು ಅಮ್ಮನ ಬಳಿ ಬಿಟ್ಟಾದರೂ ಬರುತ್ತೇನೆ, ದಿನವಿಡೀ ಒಬ್ಬಳೇ ಕೂತು ಮಾತೇ ಮರೆತುಹೋಗಿದೆ ಎಂದಳು. ತೃಪ್ತಿ ಮಾತ್ರ ಒಪ್ಪಲಿಲ್ಲ.

“ಅಕ್ಕ, ಆಫೀಸ್ ಮಾಡುದಾದ್ರೆ ನಾನಿಲ್ಲ. ನನಗೆ ಒಂದು ಕಾಲಿಗೆ ಶಕ್ತಿ ಇಲ್ಲ, ಚಿಕ್ಕಂದಿನಿಂದ. ನಮ್ಮಲ್ಲಿಂದ ಪೇಟೆಗೆ ಜೀಪೇ, ಅದು ಹತ್ಲಿಕ್ಕೆ ಆಗುದಿಲ್ಲ. ಕೆಲಸ ಕೇಳಿದಲ್ಲೆಲ್ಲ ಮೊದಲು ಕಾಲು ನೋಡಿದ್ರು. ನೀವು ಮಾತ್ರ ನೋಡ್ಲಿಲ್ಲ.”

ಎರಡು ವರ್ಷ ದಿನವೂ ಮಾತಾಡಿದವಳ ಬಗ್ಗೆ ಇಷ್ಟೂ ತನಗೆ ಗೊತ್ತಿರಲಿಲ್ಲವಲ್ಲ ಎಂದು ಹರಿಣಾಕ್ಷಿಗೆ ನಾಚಿಕೆಯಾಯಿತು. ಗೊತ್ತಿಲ್ಲದ್ದರಿಂದಲೇ ಅವಳಿಗೆ ಒಳ್ಳೆಯದಾಗಿತ್ತು ಎಂಬುದೂ ಹೊಳೆಯಿತು. ಈ ಎರಡನ್ನೂ ಹೇಗೆ ಹೊಂದಿಸುವುದೆಂದು ಎರಡು ದಿನ ಯೋಚಿಸಿದರು. ಕೊನೆಗೆ ಕೋಣೆಯವರಿಗೆ ಬೇಡವೆಂದು ಹೇಳಿ, ಆ ಭಾನುವಾರ ಗಾನಶ್ರೀಯನ್ನು ಕರೆದುಕೊಂಡು ಕಡಬಕ್ಕೆ ಹೋದರು.

ತೃಪ್ತಿಯ ತಾಯಿ ಬಿಸಿ ನೀರುದೋಸೆ ಎರೆಯುತ್ತಾ ಇದ್ದಂತೆ ಮೂವರೂ ಮೊದಲ ಬಾರಿಗೆ ಮುಖಾಮುಖಿ ಕೂತು ನಿಯಮ ಮಾಡಿಕೊಂಡರು. ಕೊನೆಯ ಪ್ರೂಫನ್ನು ಒಬ್ಬರು ಫೋನಿನಲ್ಲಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಬೇಕು. ಹೆಬ್ಬೆರಳು ಹಾಕುವುದು ಬಂದ್. ತಿಂಗಳಿಗೊಂದು ಭಾನುವಾರ ಕಡಬದಲ್ಲಿ ಸೇರುವುದು.

ಸರಿಪಡಿಸಿದ ಪುಟವನ್ನು ಬೇರೆ ಅಚ್ಚು ಹಾಕಿಸಿ, ಸಂಚಿಕೆ ತಲುಪಿದ್ದ ಮನೆಗಳಿಗೆಲ್ಲ ಕಳಿಸಿದರು. ದೇರಣ್ಣನವರಿಗೆ ಹರಿಣಾಕ್ಷಿ ತಾವೇ ಒಯ್ದು ಕೊಟ್ಟು, ಮುಂದಿನ ಪುಸ್ತಕಗಳ ಕೊನೆಯ ಓದು ನೀವು ಮಾಡುತ್ತೀರಾ ಎಂದು ಕೇಳಿದರು. ಅವರು ಒಪ್ಪುವ ಮೊದಲೇ ನೀಲಾವತಿ, “ಕಳಿಸಿ ಮಾರಾಯ್ರೆ, ದಿನಾ ಮನೆಗೆ ಬರುವ ಪೇಪರನ್ನೇ ತಿದ್ದುತ್ತಾ ಕೂತಿರ್ತಾರೆ,” ಎಂದರು.

ಮಳೆಗಾಲದಲ್ಲಿ ನೆಟ್‌ವರ್ಕ್ ಈಗಲೂ ಹೋಗುತ್ತದೆ. ಗಾನಶ್ರೀಗೆ ವಾರದ ನಡುವೆ ಒಮ್ಮೊಮ್ಮೆ ಬೇಜಾರು ಹತ್ತುತ್ತದೆ. ಆಗೆಲ್ಲ ಬಸ್ ಹತ್ತಿ ಪುತ್ತೂರಿಗೆ ಬಂದು, ಹರಿಣಾಕ್ಷಿಯವರ ಮನೆಯ ಊಟದ ಮೇಜಿನ ಇನ್ನೊಂದು ಬದಿಯಲ್ಲಿ ಕೂತು ಕೆಲಸ ಮಾಡುತ್ತಾಳೆ. ಈ ಜೂನಿನಲ್ಲಿ ಯಶಸ್ವಿ ಎಂಬ ಹೊಸ ಹುಡುಗಿ ಸೇರಿದ್ದಾಳೆ. ಮಾದರಿಗೆ ಟೈಪ್ ಮಾಡಿದ ಪುಟ ನೋಡಿ ಕೆಲಸ ಚೆನ್ನಾಗಿದೆಯೆಂದು ಗೊತ್ತಾದ ಮೇಲೆ, ಮೊದಲ ಪುಸ್ತಕದ ಫೈಲು ಕಳಿಸುವ ಮುಂಚೆ ಹರಿಣಾಕ್ಷಿ ಅವಳ ಮನೆಗೆ ಹೋಗಿ ಚಹಾ ಕುಡಿದು, ಒಂದು ಗಂಟೆ ಮಾತಾಡಿಕೊಂಡು ಬಂದರು.