ಅಕ್ಕನ ರಕ್ತ ಬೊಂಬಾಯಿಗೆ ಹೋಗಿತ್ತು

ಮೊನ್ನೆ ಕುಚ್ಚಲಕ್ಕಿ ಬೇಯಲು ಇಟ್ಟೆ. ಬಾವಿಕಟ್ಟೆ ಉಜ್ಜಿದೆ. ಬೂತಾಯಿ ಮೀನು ತೊಳೆದು ಸಾರು ಮಾಡಿದೆ (ತಲೆಗಳು ಬೆಕ್ಕಿಗೆ). ಭಾವನ ಅಂಗಿಗೆ ಗುಂಡಿ ಹೊಲಿದೆ. ಆಮೇಲೆ ಅಕ್ಕ, ಭಾವನ ಜೊತೆ ಫಳ್ನೀರಿನ ಡಾಕ್ಟರಲ್ಲಿಗೆ ಹೋದೆ.

ಅಕ್ಕನಿಗೆ ಹೊಟ್ಟೆಯ ಕ್ಯಾನ್ಸರ್. ಆಪರೇಶನ್ ಆದಂದಿನಿಂದ ನಾನು ಅವಳ ಮನೆಯಲ್ಲೇ ಇದ್ದೇನೆ. ಈಗ ರಕ್ತದಲ್ಲೇ ಆ ರೋಗದ ಸುಳಿವು ಹುಡುಕುವ ಟೆಸ್ಟ್ ಬಂದಿದೆಯಲ್ಲ? ಅದು ನಮ್ಮೂರಿನಲ್ಲಿಲ್ಲ. ಹಾಗಾಗಿ ಅಕ್ಕನ ರಕ್ತ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಕೂತು ಬಜಪೆಯಿಂದ ಬೊಂಬಾಯಿಯ ವಿಮಾನ ಹತ್ತಿತ್ತು. "ನಾನು ಸಿಟಿ ಬಸ್ಸಿನಲ್ಲಿ, ನನ್ನ ರಕ್ತ ಪ್ಲೇನಿನಲ್ಲಿ!" ಎಂದು ಅವಳು ನೆರೆಮನೆಗೆಲ್ಲ ಹೇಳಿಕೊಂಡು ಬಂದಿದ್ದಳು.

ರಿಪೋರ್ಟ್ ನೋಡಿದ ಡಾಕ್ಟರು ಭಾವನ ಮುಖ ನೋಡಿದರು. ಭಾವ ಅಕ್ಕನಿಗೆ, "ನೀನು ಸ್ವಲ್ಪ ಹೊರಗೆ ಕೂತುಕೋ" ಎಂದರು. ನಮ್ಮಲ್ಲಿ ಹಾಗೆಯೇ ತಾನೇ? ರೋಗ ಒಬ್ಬರಿಗೆ, ವಿಷಯ ಉಳಿದವರಿಗೆ.

ಅಕ್ಕ ಏಳಲಿಲ್ಲ.

"ರಕ್ತ ನನ್ನದು. ನಾನು ಹೊರಗೆ ಹೋಗುವುದು ಎಂತಕ್ಕೆ?"

ಡಾಕ್ಟರು ಕುರ್ಚಿ ಅವಳ ಕಡೆಗೆ ತಿರುಗಿಸಿದರು. "ಆಪರೇಶನ್ ಆದ ಮೇಲೆ ರಕ್ತದ ಈ ನಂಬರ್ ಇಳಿದಿತ್ತಮ್ಮ. ಈಗ ಪುನಃ ಏರಿದೆ. ರೋಗ ತಿರುಗಿ ಬಂದಿರಬಹುದು. ಇದೊಂದರಿಂದಲೇ ಖಂಡಿತ ಹೇಳಲಿಕ್ಕೆ ಆಗುವುದಿಲ್ಲ, ಬೇರೆ ಟೆಸ್ಟ್ ಉಂಟು."

"ಎಷ್ಟು ಸಮಯ ಉಂಟು ನನಗೆ?"

"ನಂಬರ್ ಅದನ್ನು ಹೇಳುವುದಿಲ್ಲ."

"ಮಗ ಮಸ್ಕತ್‌ನಲ್ಲಿದ್ದಾನೆ. ಅವನಿಗೆ ರಜೆ ಬರುವ ವರ್ಷ. ಕಾಯಬಹುದಾ, ಈಗಲೇ ಕರೆಸಬೇಕಾ? ಅಷ್ಟು ಹೇಳಿ ಸಾಕು."

ಡಾಕ್ಟರು ರಿಪೋರ್ಟ್ ಮಡಚಿಟ್ಟರು. "ನಾನಾದರೆ ಈಗಲೇ ಕರೆಸುತ್ತಿದ್ದೆ."

ಮನೆಗೆ ಬಂದವರೇ ಟ್ರಂಕ್ ಕಾಲ್ ಬುಕ್ ಮಾಡಿದೆವು. "ಹುಡುಗಿ ನೋಡಲಿಕ್ಕೆ ಬಾ ಅಂತ ಹೇಳುವ" ಎಂದರು ಭಾವ (ಪಾಪ, ಅವರ ಕಣ್ಣು ಕೆಂಪಾಗಿತ್ತು).

"ಎಂತ ಮಾರಾಯ್ರೆ! ಅವನು ಹೊಸ ಪ್ಯಾಂಟು ಹಾಕಿಕೊಂಡು ಬಂದು ನನ್ನ ಮುಖ ನೋಡುವುದಾ?"

ಸಂಜೆ ಲೈನ್ ಸಿಕ್ಕಿತು. ಅಕ್ಕನೇ ಮಾತಾಡಿದಳು, ಬೀದಿಗೆಲ್ಲ ಕೇಳುವಂತೆ. "ಹೊಟ್ಟೆಯದ್ದು ಪುನಃ ಬಂದಿರಬಹುದಂತೆ ಮಗಾ. ನೀನು ಬಾ. ಸೆಂಟು ಮಾತ್ರ ತರಬೇಡ, ಆ ವಾಸನೆಗೆ ನನಗೆ ವಾಂತಿ ಬರ್ತದೆ." ಆ ಕಡೆಯಿಂದ ಏನು ಕೇಳಿಸಿತೋ, ರಿಸೀವರನ್ನು ಇನ್ನೊಂದು ಕಿವಿಗೆ ಹಿಡಿದು ಹೇಳಿದಳು: "ಅಳುವುದಾದರೆ ಇಲ್ಲಿ ಬಂದು ಅಳು. ಫೋನಿನಲ್ಲಿ ಮೂರೇ ನಿಮಿಷ."

ರಾತ್ರಿ ಅಕ್ಕ ಅರ್ಧ ಬಟ್ಟಲು ಗಂಜಿ, ಒಂದು ಸುಟ್ಟ ಹಪ್ಪಳ ತಿಂದಳು. ಬೂತಾಯಿ ಸಾರನ್ನು ನಾನೂ ಭಾವನೂ ಮುಟ್ಟಲಿಲ್ಲ. ಮೊದಲು ನಿದ್ದೆ ಹೋದವಳು ಅವಳೇ.

ಗೊತ್ತಾದರೆ ಅವಳಿಗೆ ನಿದ್ದೆ ಬಾರದು ಎಂದು ಹೆದರಿದೆವಲ್ಲ, ಯಾರ ನಿದ್ದೆಯ ಚಿಂತೆ ನಮಗೆ?