ಕಾಕಾ ಕೈಬಿಟ್ಟ ಅಕ್ಷರ

ಬೆಸುಗೆ ಕಡ್ಡಿ ತಾಗಿ ತಾಗಿ ಕಾಕಾರ ಬಲ ಹೆಬ್ಬೆರಳ ತುದಿ ಕರ್ರಗೆ ದಡ್ಡುಗಟ್ಟಿತ್ತು. ಕಾಲುವೆ ಕೆಲಸ ನಡೆದಿದ್ದ ವರ್ಷಗಳವು. ಶಹಾಪುರದಲ್ಲಿ ನಾನು ಶಾಲೆಯ ಅಕ್ಕೋರು. ಪಕ್ಕದ ಮನೆಯ ಕಾಕಾ ಕಾಲುವೆ ಆಫೀಸಿನಲ್ಲಿ ನಕ್ಷೆ ಬರೆಯುವವರು. ಟಿವಿಗೆ ಜೋಡಿಸುವ ಹಳೆಯ ಕಂಪ್ಯೂಟರೊಂದನ್ನು ಹೈದರಾಬಾದಿನಿಂದ ತಂದು, ಬಿಚ್ಚುತ್ತ ಕೂಡಿಸುತ್ತ ಊಟ ಮರೆಯುವರು. ಅವರ ಹೆಂಡತಿ ಕಾಕಿ ಎಂದೂ ಗಂಡನನ್ನು ಹೆಸರು ಹಿಡಿದು ಕರೆದವರೇ ಅಲ್ಲ. “ಏನ್ರಿ, ಕೇಳಿಸ್ತೇನ್ರಿ” ಎಂದು ಕೂಗಿ ಕೂಗಿ, ಕಡೆಗೆ ತಟ್ಟೆ ಬಡಿಯುವರು.

ಆ ಕಾಕಿಗೆ ಲಕ್ವಾ ಹೊಡೆದು ಮಾತು ನಿಂತಿತು. ಒಂದು ಬೆರಳು ಮಾತ್ರ ಆಡುತ್ತಿತ್ತು. ಕಾಕಾ ಟಿವಿಯ ಮೇಲೆ ವರ್ಣಮಾಲೆ ಮೂಡಿಸಿದರು. ಗುಂಡಿ ಒತ್ತಿದರೆ ಚುಕ್ಕಿಯೊಂದು ಸರಿಯುವುದು, ಬಿಟ್ಟರೆ ಬೇಕಾದ ಅಕ್ಷರದ ಮೇಲೆ ನಿಲ್ಲುವುದು. ಆದರೆ ಎಲ್ಲ ಅಕ್ಷರ ಹಿಡಿಸಲೆಂದು ಹಚ್ಚಿದ ಹೆಚ್ಚಿನ ಮೆಮೊರಿಯ ಡಬ್ಬಿ ಪರದೆಯ ಮೆಮೊರಿಯೊಡನೆ ಜಗಳಕ್ಕೆ ಬಿತ್ತು. ಅಕ್ಷರಗಳೆಲ್ಲ ಚೂರುಚೂರು.

“ಎರಡು ಮನಿಗಿ ಒಂದ ನಂಬರ್ ಕೊಟ್ಟಂಗ ಆಗ್ಯಾದ್ರಿ ಅಕ್ಕೋರ. ಇಲ್ಲಿ ಬರದದ್ದು ಅವರ ಗ್ವಾಡಿ ಮ್ಯಾಲ ಬೀಳಾಕತ್ತದ.”

ವಾರಗಟ್ಟಲೆ ಗುದ್ದಾಡಿ ಸೋತು ಡಬ್ಬಿ ಕಿತ್ತಿಟ್ಟರು. ಇದ್ದಷ್ಟರಲ್ಲೇ ಹೊಂದಿಸಲು, ಮನೆಯೊಳಗಿನ ಮಾತಿಗೆ ಅಷ್ಟಾಗಿ ಬೇಡದ ಅಕ್ಷರಗಳನ್ನು ಕೈಬಿಟ್ಟರು. ಅವುಗಳ ಜಾಗ ಪರದೆಯಲ್ಲಿ ಖಾಲಿ ಉಳಿಯಿತು. ಅವರ ಹೆಸರಿನ ಮೊದಲ ಅಕ್ಷರವೂ ಹೋಗಿತ್ತು. ಕೇಳಿದರೆ ನಕ್ಕರು. “ನನ್ನ ಹೆಸರ ಅಕಿ ಎಂದ ತಗೊಂಡಾಳ್ರಿ? ನೀರು, ಚಾ, ನೋವು, ಇಷ್ಟ ಅಂದ್ರ ಸಾಕು.”

ಪರದೆಯ ಮೇಲೆ ಮೊದಲ ಸಲ ‘ನೀರು’ ಮೂಡಿದ ದಿನ ಓಣಿಯವರಿಗೆಲ್ಲ ಚಹಾ ಕುಡಿಸಿದರು, ಪುಣ್ಯಾತ್ಮ.

ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಕಾಕಿಯ ಚುಕ್ಕಿ ಒಂದು ಖಾಲಿ ಜಾಗದಲ್ಲಿ ನಿಂತಿತು. ಕಾಕಾ ಮುಂದೆ ಸರಿಸಿದರು. ಸುತ್ತು ಹಾಕಿ ಬಂದು ಮತ್ತೆ ಅಲ್ಲೇ ನಿಂತಿತು. “ಮಷಿನ್ ಮತ್ತ ಹಟ ಹಿಡದದ ನೋಡ್ರಿ” ಎಂದು ಅವರು ಟಿವಿಯ ಹಿಂದೆ ಹೋಗಿ ವಾಯರ್ ಜಗ್ಗತೊಡಗಿದರು. ನನಗೂ ಹೊಳೆಯಲಿಲ್ಲ. ಕಾಕಿ ನನ್ನನ್ನೇ ನೋಡುತ್ತಿದ್ದರು. ಬಾಯಿ ಒರೆಸಬೇಕೇನೋ ಎಂದು ಒರೆಸಿದೆ. ಕಾಕಾ ಈಚೆ ಬರುವಷ್ಟರಲ್ಲಿ ಬೆರಳು ಗುಂಡಿಯಿಂದ ಜಾರಿತ್ತು. ಸಂಜೆಗೆ ಕಾಕಿ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಕಾಕಾ ಆ ಟಿವಿಯ ಮುಂದೆಯೇ ಕೂತರು. “ಆ ಖಾಲಿ ಜಾಗ ನನ್ನ ಅಕ್ಷರದ್ದಿತ್ತಲ್ರಿ ಅಕ್ಕೋರ. ಅಕಿ ನನ್ನ ಕರ್ಯಾಕತ್ತಿದ್ಳೇನು?”

ನನಗೇನು ಗೊತ್ತು? ಆಮೇಲೂ ಕಂಡಾಗಲೆಲ್ಲ ಅದನ್ನೇ ಕೇಳುವರು, ನಾನು ಮಾತು ಬದಲಿಸುವೆ. ಅವರ ಕಡೆಗಾಲದಲ್ಲಿ ಯಾದಗಿರಿ ದವಾಖಾನೆಗೆ ನೋಡಲು ಹೋದಾಗಲೂ ಕೇಳಿದರು. ತಡೆಯಲಾಗದೆ “ಹೌದ್ರಿ ಕಾಕಾ, ನಿಮ್ಮನ್ನ ಕರದ್ರು” ಎಂದುಬಿಟ್ಟೆ.

ಸಮಾಧಾನವಾಗುತ್ತದೆಂದುಕೊಂಡಿದ್ದೆ. ಅವರು ಗೋಡೆಯ ಕಡೆ ಹೊರಳಿದರು. “ಹಂಗಿದ್ರ ನಾ ‘ಓ’ ಅನಬೇಕಿತ್ತಲ್ರಿ,” ಎಂದರು.