ಭಾವ ಕಟ್ಟಿಸಿದ ಮೆಟ್ಟಿಲು

ನನ್ನ ಅಕ್ಕನ ಗಂಡನಿಗೆ ಕಟ್ಟಡಗಳ ಹುಚ್ಚು. ಹುಚ್ಚು ಅಂದರೆ ಅಂತಿಂಥ ಹುಚ್ಚಲ್ಲ. ಮದುವೆಯಾದ ಹೊಸದರಲ್ಲಿ ಅಕ್ಕನನ್ನು ಮೊದಲ ಸಲ ಹೊರಗೆ ಕರೆದುಕೊಂಡು ಹೋದದ್ದು ಸಿನಿಮಾಕ್ಕಲ್ಲ, ಜೈಲಿನ ಹಿಂಬದಿಗೆ. ಸಂಜೆ ನಾಲ್ಕೂವರೆಗೆ ಆ ಎತ್ತರದ ಗೋಡೆಯ ನೆರಳು ರಸ್ತೆ ದಾಟಿ ಎದುರುಮನೆಗಳ ಹೊಸ್ತಿಲವರೆಗೆ ಬರುತ್ತದಂತೆ, ಅದನ್ನು ನೋಡಬೇಕಂತೆ. ಇಬ್ಬರೂ ಮುಕ್ಕಾಲು ಗಂಟೆ ನಿಂತರು. ಕಾವಲಿನವನು ಬಂದು, "ಒಳಗೆ ನಿಮ್ಮೋರು ಯಾರಾದ್ರೂ ಇದ್ದಾರಾ?" ಅಂತ ಮರುಕದಿಂದ ಕೇಳಿದನಂತೆ. ಅಕ್ಕ ಇದನ್ನು ಹೇಳಿ ಹೇಳಿ ವರ್ಷಗಟ್ಟಲೆ ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು.

ಭಾವ ಸರ್ಕಾರಿ ಕಟ್ಟಡಗಳ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಆರಿಂಚಿನ ಉಕ್ಕಿನ ಸ್ಕೇಲು ಸದಾ ಇರುತ್ತಿದ್ದುದರಿಂದ ಆಫೀಸಿನಲ್ಲಿ ಅವರ ಹೆಸರೇ 'ಸ್ಕೇಲು' ಅಂತಾಗಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವರ ಕೈಗೆ ಬಂದದ್ದು ಶಾಲೆಗಳ ಕಾಂಪೌಂಡು, ಗೋದಾಮುಗಳ ಶೆಡ್ಡು, ಆಸ್ಪತ್ರೆಗಳ ಕಕ್ಕಸು. "ಈ ಊರಿನ ಅರ್ಧ ಜನ ಬೆಳಿಗ್ಗೆ ಎದ್ದು ಕೂರೋದು ನನ್ನ ನಕ್ಷೆ ಮೇಲೆ," ಅಂತ ತಾವೇ ಹೇಳಿಕೊಳ್ಳುವರು, ನಗದೆ. ದೊಡ್ಡ ಕೆಲಸಗಳೆಲ್ಲ ದೊಡ್ಡ ಓದು ಓದಿದವರ ಪಾಲಿಗೆ. ಭಾನುವಾರ ಮಾತ್ರ ಭಾವ ತಮ್ಮ ಪಾಡಿಗೆ ತಾವು ಹಳೇ ಅಂಚೆ ಕಚೇರಿ, ಮುಚ್ಚಿಹೋದ ನೂಲಿನ ಗಿರಣಿ, ರೈಲ್ವೆ ಸ್ಟೇಷನ್ನು ಅಂತ ಸುತ್ತುವರು.

ಒಮ್ಮೆ ನಾನೇ ಕೇಳಿದ್ದೆ, "ಭಾವ, ಒಳ್ಳೇ ಕಟ್ಟಡ ಅಂತ ಹೇಗೆ ಗೊತ್ತಾಗುತ್ತೆ?"

"ಒಳಗೆ ಕಾಲಿಟ್ಟ ತಕ್ಷಣ ಮನುಷ್ಯ ತಾನಾಗೇ ದನಿ ತಗ್ಗಿಸ್ತಾನೆ ನೋಡು. ಸುಮ್ನಿರು ಅಂತ ಯಾರೂ ಹೇಳಿರಲ್ಲ. ಅದು ಕಟ್ಟಡ. ಮಿಕ್ಕಿದ್ದೆಲ್ಲ ಮಳೆಗೆ ಹಿಡಿದ ಕೊಡೆ."

ಆ ಮಾತು ನನಗೆ ಆಗ ತುಂಬ ಹಿಡಿಸಿತ್ತು.

ನಲವತ್ತೈದಾದಾಗ ಭಾವ ಸ್ವಂತ ಮನೆಗೆ ಕೈ ಹಾಕಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ; ಭಾವ ಕಟ್ಟಿದರು, ನಾವು ನೋಡಿದೆವು. ಮೇಸ್ತ್ರಿ ಒಂದೇ ಗೋಡೆಯನ್ನು ಮೂರು ಸಲ ಕೆಡವಿ ಕಟ್ಟಿದ. ಮೂರನೇ ಸಲ ಕರಣೆ ಎಸೆದು, "ಅಮ್ಮಾ, ನಿಮ್ಮ ಯಜಮಾನ್ರಿಗೆ ಬೇಕಾಗಿರೋದು ಮನೆ ಅಲ್ಲ, ದೇವ್ರು," ಅಂತ ಅಕ್ಕನಿಗೆ ಹೇಳಿ ಹೋದವನು ಹತ್ತು ದಿನ ತಲೆ ಹಾಕಲಿಲ್ಲ.

ಮನೆಯ ಜೀವ ಇದ್ದದ್ದು ಮೆಟ್ಟಿಲಿನಲ್ಲಿ. ಕೆಳಗೆ ಅಡುಗೆಮನೆ ಬಿಟ್ಟರೆ ಒಂದೇ ದೊಡ್ಡ ಹಜಾರ. ಅದರ ಒಂದು ಗೋಡೆಯಿಂದ ಹದಿನೇಳು ಕಲ್ಲಿನ ಚಪ್ಪಡಿಗಳು ಹೊರಚಾಚಿಕೊಂಡು ಮೇಲಿನ ಕೋಣೆಗಳಿಗೆ ಹತ್ತುತ್ತಿದ್ದವು. ಒಂದು ತುದಿ ಗೋಡೆಯೊಳಗೆ, ಇನ್ನೊಂದು ತುದಿ ಗಾಳಿಯಲ್ಲಿ. ಅಡಿಯಲ್ಲಿ ಆಧಾರವಿಲ್ಲ, ಪಕ್ಕಕ್ಕೆ ಕಂಬಿಯಿಲ್ಲ. ಚಾವಣಿಯಲ್ಲಿ ಗಾಜು ಹಾಕಿದ ಒಂದು ಸಂದು. ಬೆಳಿಗ್ಗೆ ಹತ್ತೂವರೆಗೆ ಅಲ್ಲಿಂದ ಬಿಸಿಲು ಇಳಿದು ಒಂದೊಂದೇ ಮೆಟ್ಟಿಲು ದಾಟಿ ಹನ್ನೆರಡರ ಹೊತ್ತಿಗೆ ನೆಲ ಮುಟ್ಟುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮೊದಲ ದಿನ ಅದನ್ನು ನೋಡಿ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಬಾಯಿಬಡುಕಿಯಾದ ನಾನೂ ದನಿ ತಗ್ಗಿಸಿದೆ. ಭಾವ ಅದನ್ನು ಗಮನಿಸಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಮಗಳು ಹುಟ್ಟಿದಾಗಲೂ ನಾನು ಕಂಡಿರಲಿಲ್ಲ.

ಒಕ್ಕಲಾದ ಮೇಲೆ ಒಂದೊಂದೇ ಕಟ್ಟಳೆ ಹೊರಬಿತ್ತು. ಗೋಡೆಗೆ ಮೊಳೆ ಹೊಡೆಯಬಾರದು. ಕಿಟಕಿಗೆ ಪರದೆ ಬೇಡ. ನಮ್ಮಪ್ಪನ ಫೋಟೋ ಬೀರುವಿನಲ್ಲಿ ಬಟ್ಟೆಗಳ ನಡುವೆ ನಿಂತಿತು. ಅಡುಗೆಮನೆಗೆ ಕಿಟಕಿಯಿಲ್ಲ, ಇದ್ದದ್ದು ತಲೆಯ ಮೇಲೆ ಒಂದಡಿ ಅಗಲದ ಸಂದು. ರಸ್ತೆ ಕಡೆಯ ಗೋಡೆ ನುಣ್ಣಗಿರಬೇಕಂತೆ. ಅಕ್ಕ ಹನ್ನೊಂದು ವರ್ಷ ಆ ಸಂದಿನ ಕೆಳಗೆ ಬೇಯಿಸಿದಳು. "ಕೂಗುವ ತರಕಾರಿಯವನ ದನಿ ಗೊತ್ತು, ಮೂತಿ ಗೊತ್ತಿಲ್ಲ," ಅನ್ನುವಳು. ಇನ್ನು, ಊರಿಗೆಲ್ಲ ಕಕ್ಕಸು ಬರೆದವರ ಮನೆಯಲ್ಲಿ ಕಕ್ಕಸು ಒಂದೇ, ಅದೂ ಕೆಳಗೆ. ಮೇಲೆ ಮಾಡಿದರೆ ಪೈಪು ಕಾಣುತ್ತದಂತೆ.

ಮಲಗುವ ಕೋಣೆಗಳೆಲ್ಲ ಮೇಲೆ. ಭಾವನ ತಾಯಿಯೂ ಮೇಲೆಯೇ. ಅವರನ್ನು ನಾನೂ ಅತ್ತೆ ಅಂತಲೇ ಕರೆಯುತ್ತಿದ್ದೆ. ಎಪ್ಪತ್ತು ದಾಟಿದ ಹೆಂಗಸು, ಮಂಡಿ ಎರಡೂ ಸೋತಿದ್ದವು.

"ಒಂದು ಕಂಬಿ ಹಾಕ್ಸೋ ಮಗನೇ. ಸಣ್ಣ ಕಂಬಿ ಸಾಕು."

"ಗೋಡೆ ಇದೆಯಲ್ಲಮ್ಮ, ಹಿಡ್ಕೊಂಡು ಹತ್ತು."

"ಗೋಡೆ ನುಣ್ಣಗಿದೆ ಕಣೋ, ಅದನ್ನ ಏನಂತ ಹಿಡೀಲಿ?"

ಅತ್ತೆ ತಮ್ಮದೇ ದಾರಿ ಹುಡುಕಿಕೊಂಡರು: ಕೂತು ಇಳಿಯುವುದು. ಪುಟ್ಟ ಮಕ್ಕಳ ಹಾಗೆ ಒಂದೊಂದೇ ಚಪ್ಪಡಿಯ ಮೇಲೆ ಕುಂಡಿಯೂರಿ ಜಾರುತ್ತ ಬರುವರು. ಹತ್ತುವಾಗ ಕೈಕಾಲು ನಾಲ್ಕೂ ಊರುವರು. "ನಿನ್ನ ಮಗ ನನ್ನನ್ನ ಮತ್ತೆ ಅಂಬೆಗಾಲಿಗೆ ತಂದ," ಅಂತ ಸತ್ತುಹೋದ ಗಂಡನನ್ನು ಉದ್ದೇಶಿಸಿ ಹೇಳುವರು.

ಅಷ್ಟರಲ್ಲಿ ಮನೆಯ ಸುದ್ದಿ ಹಬ್ಬಿತು. ಆರ್ಕಿಟೆಕ್ಚರ್ ಕಾಲೇಜಿನ ಮೇಷ್ಟ್ರೊಬ್ಬರು ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆತರತೊಡಗಿದರು. ಆಫೀಸಿನ ಸ್ಕೇಲು ಅಂದು 'ಸರ್' ಆಗುವರು. ಆ ದಿನಗಳಲ್ಲಿ ಅತ್ತೆಗೆ ಅಪ್ಪಣೆ, "ಅಮ್ಮ, ಅವರು ಹೋಗೋವರೆಗೂ ಇಳೀಬೇಡ. ನೋಡೋಕೆ ಚೆನ್ನಾಗಿರಲ್ಲ." ಮೂರು ತಾಸು ಅತ್ತೆ ಮೇಲೆ ನೀರು ಕುಡಿಯದೆ ಕೂರುವರು. ಒಮ್ಮೆ ತಡೆಯಲಾಗದೆ ಮಂಚದ ಮೇಲೇ ಆಗಿಹೋಯಿತು. ಹುಡುಗರು ಕೆಳಗೆ ಬೆಳಕಿನ ಬಗ್ಗೆ ಬರೆದುಕೊಳ್ಳುತ್ತಿದ್ದಾಗ ಅಕ್ಕ ಮೇಲೆ ಹಾಸಿಗೆ ಒರೆಸುತ್ತಿದ್ದಳು.

ಹಾಸಿಗೆ ಒಗೆದು ಹಾಕಿದ ವಾರವೇ ಭಾವ ಆಫೀಸಿನ ಕೆಲಸದ ಮೇಲೆ ಎರಡು ದಿನ ಪರವೂರಿಗೆ ಹೋದರು. ಅಕ್ಕ ವೆಲ್ಡಿಂಗಿನವನನ್ನು ಕರೆಸಿ ಮೇಲಿಂದ ಕೆಳಗಿನವರೆಗೆ ಪೈಪಿನ ರೇಲಿಂಗ್ ಹಾಕಿಸಿಬಿಟ್ಟಳು. ಅತ್ತೆ ಆ ದಿನ ನಾಲ್ಕು ಸಲ ಹತ್ತಿ ಇಳಿದರಂತೆ, ಸುಮ್ಮನೆ. ಭಾವ ಬಂದರು, ನೋಡಿದರು, ಊಟ ಮಾಡಿ ಮಲಗಿದರು. ಬೆಳಿಗ್ಗೆ ಎದ್ದವರೇ ಕಬ್ಬಿಣದ ಗರಗಸ ಹಿಡಿದು ಕೂತರು. ಮಧ್ಯಾಹ್ನದವರೆಗೆ ಕೊಯ್ದರು. ಕಲ್ಲಿನಲ್ಲಿ ಉಳಿದ ತೂತುಗಳಿಗೆ ಕಲ್ಲಿನ ಪುಡಿ ಕಲಸಿ ತುಂಬಿ, ಬೆರಳಿನಿಂದ ತಿಕ್ಕಿ, ಒಂದು ಗುರುತೂ ಉಳಿಯದ ಹಾಗೆ ಮಾಡಿದರು. ಅತ್ತೆ ಮೇಲಿನ ಮೆಟ್ಟಿಲಲ್ಲಿ ಕೂತು ಅಷ್ಟನ್ನೂ ನೋಡಿದರು. ಅಷ್ಟು ಆತುರ ಯಾಕೆ ಅಂತ ಅಕ್ಕನಿಗೆ ಆಮೇಲೆ ಗೊತ್ತಾಯಿತು. ಮನೆಗಳ ಬಗ್ಗೆಯೇ ಬರೆಯುವ ಒಂದು ಪತ್ರಿಕೆಯಿಂದ ಫೋಟೋ ತೆಗೆಯಲು ಬರುವವರಿದ್ದರು.

ಅವರು ಬಂದ ದಿನ ಕೈಗೆ ನೆರವಾಗಲಿ ಅಂತ ನಾನೂ ಹೋಗಿದ್ದೆ. ಫೋಟೋದವನು ಹಜಾರದ ಮೂಲೆಯಲ್ಲಿ ಕ್ಯಾಮರಾ ನಿಲ್ಲಿಸಿ ಹತ್ತೂವರೆಗೆ ಕಾದ. ಬಿಸಿಲು ಇಳಿಯಿತು.

"ಚೆನ್ನಾಗಿದೆ ಸರ್. ಆದ್ರೆ ಖಾಲಿ ಮೆಟ್ಟಿಲು ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ. ಯಾರಾದ್ರೂ ಇಳಿದು ಬಂದ್ರೆ ಅಳತೆ ಸಿಗುತ್ತೆ."

ನಾನು ಎದ್ದೆ.

"ನೀನು ಬೇಡ," ಎಂದರು ಭಾವ. "ಅಮ್ಮ ಬರಲಿ. ಬಿಳಿ ಕೂದಲ ಮೇಲೆ ಬೆಳಕು ಚೆನ್ನಾಗಿ ನಿಲ್ಲುತ್ತೆ."

ಅತ್ತೆ ಮೇಲೆ ಬಂದು ನಿಂತರು. "ಕೂತ್ಕೊಂಡು ಬರಲೇನೋ?"

"ಬೇಡಮ್ಮ, ನಿಂತೇ ಬಾ. ಗೋಡೆ ಮೇಲೆ ಕೈ ಇಡಬೇಡ, ನೆರಳು ಬೀಳುತ್ತೆ."

"ರೀ, ಬೇಡ," ಎಂದಳು ಅಕ್ಕ.

"ಎರಡು ನಿಮಿಷ ಕಣೇ."

ಅತ್ತೆಯೇ ಅಕ್ಕನ ಬಾಯಿ ಮುಚ್ಚಿಸಿದರು. "ಬಿಡೇ. ಬಾಯಿಬಿಟ್ಟು ಅಮ್ಮ ಬರಲಿ ಅಂತ ಇವನು ಕೇಳಿ ಎಷ್ಟು ವರ್ಷ ಆಯ್ತು!"

ಇಳಿದರು. ಎರಡೂ ಕೈ ಬದಿಗೆ ಬಿಟ್ಟು, ತಲೆ ಎತ್ತಿ, ರಾಣಿಯ ಹಾಗೆ ಇಳಿದರು. ಕಾಲು ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಆದರೂ ಸುಮ್ಮನಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳಲೇಬೇಕು: ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು. ಮತ್ತೆ ಹತ್ತಿಸಿದರು, ಮತ್ತೆ ಇಳಿದರು. "ಸಾಕು ಸರ್," ಎಂದ ಫೋಟೋದವನು. ಭಾವ ಮೇಲೆ ನೋಡಿದರು. ಮೋಡ ಸರಿದು ಬಿಸಿಲು ಇನ್ನೂ ಕಡುವಾಗಿತ್ತು.

"ಅಮ್ಮ, ಇನ್ನೊಂದೇ ಸಲ."

ಮೂರನೇ ಸಲ ಅವರು ಒಂಬತ್ತನೇ ಮೆಟ್ಟಿಲಿನವರೆಗೆ ಬಂದರು. ಬಿಸಿಲು ನೇರ ಕಣ್ಣಿಗೆ ಹೊಡೆಯಿತೋ ಏನೋ, ಕೈ ಗೋಡೆಯ ಕಡೆ ಹೋಯಿತು, ಮಗನ ಮಾತು ನೆನಪಾಗಿ ಹಿಂದಕ್ಕೆ ಬಂತು. ಅಷ್ಟೇ. ಗೋಡೆಯಿಲ್ಲದ ಕಡೆಗೆ ಬಿದ್ದರು. ಎಲ್ಲರಿಗಿಂತ ಮುಂಚೆ ಓಡಿದ್ದು ಭಾವನೇ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿಗೆ ಕೂಡುವುದಿಲ್ಲ, ಅಲುಗಾಡಿಸದೆ ಮಲಗಿಸಿ ಅಂತ ಡಾಕ್ಟರು ಕಳಿಸಿಕೊಟ್ಟರು. ಮೇಲಕ್ಕೆ ಹತ್ತಿಸುವುದು ಹೇಗೆ? ಹಜಾರದಲ್ಲೇ ಮಂಚ ಹಾಕಿದರು. ಬಂದವರೆಲ್ಲರ ಹತ್ತಿರ ಅತ್ತೆ ಒಂದೇ ಮಾತು ಹೇಳುತ್ತಿದ್ದರು, "ನಾನೇ ಎಡವಿದೆ. ಮಗ ಪಾಪ, ಹುಷಾರು ಅಂತ ಹೇಳ್ತಾನೇ ಇದ್ದ."

ಹನ್ನೆರಡರಿಂದ ಬಿಸಿಲು ಅವರ ಮುಖಕ್ಕೇ ಬೀಳುತ್ತಿತ್ತು. ಅಕ್ಕ ಹಳೇ ಹೊದಿಕೆ ತಂದು ಗಾಜಿನ ಸಂದಿಗೆ ಕಟ್ಟಲು ಏಣಿ ಇಟ್ಟಳು. ಭಾವ ಏಣಿ ತೆಗೆದರು. "ನಾನು ನೋಡ್ಕೋತೀನಿ." ಆಫೀಸಿಗೆ ರಜೆ ಹಾಕಿದರು. ದಿನಾ ಹನ್ನೆರಡಕ್ಕೆ ಮಂಚದ ಕಾಲ ಬಳಿ ಕೂತು, ಬಿಸಿಲು ಬಂದ ಹಾಗೆಲ್ಲ ಮಂಚವನ್ನು ಒಂದೊಂದು ಗೇಣು ಸರಿಸುವರು. ಎಷ್ಟು ಮೆಲ್ಲಗೆ ಸರಿಸಿದರೂ ಮಂಚ ಕದಲುತ್ತಿತ್ತು. ಅತ್ತೆ ದಿಂಬಿನ ತುದಿ ಕಚ್ಚಿ ಹಿಡಿಯುವರು. ಒಂದು ದಿನ ಬಿಡದೆ ಮಗ ಪಕ್ಕದಲ್ಲಿ ಕೂತು ಹೀಗೆ ಸೇವೆ ಮಾಡಿದ. ಸೇವೆ ಅಂತಲೇ ಭಾವ ತಿಳಿದಿದ್ದರು, ಅವರ ಕಣ್ಣಲ್ಲಿ ನೀರೂ ಇತ್ತು. ಗಾಜಿಗೊಂದು ಬಟ್ಟೆ ಕಟ್ಟುವುದು ಮಾತ್ರ ಅವರ ಕೈಯಲ್ಲಿ ಆಗಲಿಲ್ಲ.

ಐದು ವಾರಕ್ಕೆ ಎದೆಯಲ್ಲಿ ಕಫ ಕಟ್ಟಿ ಅತ್ತೆ ಹೋದರು.

ಅದಾಗಿ ಇಪ್ಪತ್ತು ದಿನಕ್ಕೆ ಅಂಚೆಯಲ್ಲಿ ಪತ್ರಿಕೆ ಬಂತು. ಇಡೀ ಪುಟದ ಫೋಟೋ, ಎರಡನೇ ಸಲ ಇಳಿದಾಗ ತೆಗೆದದ್ದು. ಕೆಳಗೆ 'ಮನೆಯ ಹಿರಿಯರೊಬ್ಬರು' ಅಂತ ಬರೆದಿತ್ತು. ಭಾವ ಕಿಟಕಿಯ ಹತ್ತಿರ ನಿಂತು ತುಂಬ ಹೊತ್ತು ಅದನ್ನೇ ನೋಡಿದರು. ಅಕ್ಕ ಮಗ್ಗುಲಲ್ಲಿ ನಿಂತಳು. ಅಳುತ್ತಾರೇನೋ, ಅತ್ತರೆ ಹಿಡಿದುಕೊಳ್ಳೋಣ ಅಂತ ನಿಂತಿದ್ದಳಂತೆ.

"ಕೆಳಗಿನ ಮೆಟ್ಟಿಲಿನ ಅಂಚು ಕತ್ತರಿಸಿಬಿಟ್ಟಿದ್ದಾರೆ," ಎಂದರು ಭಾವ. "ಅಷ್ಟು ಹೇಳಿದ್ದೆ."

ಅಕ್ಕ ಬೀರು ತೆಗೆದು ಬಟ್ಟೆ ತುಂಬಿಕೊಂಡು ಅವತ್ತೇ ನನ್ನ ಮನೆಗೆ ಬಂದಳು. ನನ್ನದು ಎರಡು ಕೋಣೆಯ ಬಾಡಿಗೆ ಮನೆ. ತೇವ ಹಿಡಿದ ಗೋಡೆ, ಬಾಗಿಲು ಹಾಕಿದರೆ ಕಿರುಗುಟ್ಟುತ್ತದೆ, ಮುಂಬಾಗಿಲಿಗೂ ಹಿಂಬಾಗಿಲಿಗೂ ನಡುವೆ ಎಂಟು ಹೆಜ್ಜೆ. ಅಕ್ಕ ಬಂದ ಮರುದಿನವೇ ಸುತ್ತಿಗೆ ಕೇಳಿದಳು. ಅಪ್ಪನ ಫೋಟೋಗೆ ಒಂದು ಮೊಳೆ ಸಾಕಿತ್ತು, ಅವಳು ಆರು ಹೊಡೆದಳು.

ಭಾವ ಕರೆಯಲು ಬರಲಿಲ್ಲ. ಬೇರೆ ಊರಿನಲ್ಲಿ ನರ್ಸ್ ಆಗಿದ್ದ ಮಗಳಿಗೆ ಮಾತ್ರ ಆಗಾಗ ಫೋನು ಮಾಡಿ, "ನಿಮ್ಮಮ್ಮ ಯಾಕೆ ಹೋದ್ಲು ಅಂತ ನೀನಾದ್ರೂ ಹೇಳು," ಅನ್ನುತ್ತಿದ್ದರಂತೆ. ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಕೇಳುತ್ತಿದ್ದರು ಅಂತ ಅವಳು ಹೇಳಿದಳು. ಎರಡು ವರ್ಷ ಹೀಗೇ ಕಳೆಯಿತು.

ಮಗಳು ಹೆತ್ತಾಗ ಬಾಣಂತನಕ್ಕೆ ಬಂದದ್ದು ನಮ್ಮಲ್ಲಿಗೆ. ಮಗುವಿಗೆ ಮೂರು ತಿಂಗಳಾದಾಗ ಭಾವ ನೋಡಲು ಬಂದರು. ಬಗ್ಗಿ ಒಳಗೆ ಬಂದರು, ಇದ್ದ ಒಂದೇ ಕುರ್ಚಿಯಲ್ಲಿ ಕೂತರು. ತುಂಬ ಸಣ್ಣಗಾಗಿದ್ದರು. ಮೊಮ್ಮಗನನ್ನು ಎರಡೂ ಅಂಗೈಯಲ್ಲಿ ಗಾಜಿನ ಪಾತ್ರೆಯ ಹಾಗೆ ಹಿಡಿದರು. ಅವನು ಅಂಗಿ ಒದ್ದೆ ಮಾಡಿದ. ಭಾವ ಕದಲಲಿಲ್ಲ.

"ಒಂದ್ಸಲ ಮನೆಗೆ ಕರ್ಕೊಂಡು ಬಾಮ್ಮ," ಎಂದರು ಮಗಳಿಗೆ.

"ಬೇಡ ಅಪ್ಪ."

"ಕೆಳಗೇ ಇದ್ದು ಹೋದ್ರಾಯ್ತು."

"ಇವನು ಆ ಮನೆಗೆ ಬರಲ್ಲ ಅಪ್ಪ. ನೋಡಬೇಕು ಅನ್ಸಿದ್ರೆ ನೀವೇ ಇಲ್ಲಿಗೆ ಬನ್ನಿ. ದಿನಾ ಬೇಕಾದ್ರೂ ಬನ್ನಿ."

ಭಾವ ಮಗುವನ್ನು ಹಿಂದಕ್ಕೆ ಕೊಟ್ಟರು. ಅಕ್ಕ ಅಡುಗೆಮನೆಯಿಂದ, ಇಷ್ಟು ವರ್ಷಕ್ಕೆ ಮೊದಲ ಮಾತು ಅಂತ, "ಟೀ ಇಟ್ಟಿದ್ದೀನಿ, ಕುಡ್ಕೊಂಡು ಹೋಗಿ," ಎಂದಳು.

"ಆಗಲಿ. ಅಂಗಿ ಸ್ವಲ್ಪ ಒಣಗಿಸ್ಕೊಂಡು ಬರ್ತೀನಿ," ಅಂತ ಹೊರಗೆ ಹೋದರು.

ನಮ್ಮ ಬೀದಿಯ ತುದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಹತ್ತು ನಿಮಿಷವಾದರೂ ಬಾರದ್ದಕ್ಕೆ ಕರೆಯಲು ಹೋದೆ. ಭಾವ ಅಲ್ಲಿ ಮರಳಿನ ರಾಶಿಯ ಮೇಲೆ ನಿಂತು, ಕಿಟಕಿ ಎಷ್ಟು ಎತ್ತರಕ್ಕೆ ಬರಬೇಕು ಅಂತ ಕೈ ಎತ್ತಿ ತೋರಿಸುತ್ತಿದ್ದರು. ಗಾರೆಯವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಅಷ್ಟು ಚೆನ್ನಾಗಿ ಮಾತಾಡುತ್ತಿದ್ದರು ಭಾವ. ಮುಖ ಕೆಂಪಾಗಿತ್ತು, ಹತ್ತು ವರ್ಷ ಕಡಿಮೆಯಾದವರ ಹಾಗೆ ಕಾಣುತ್ತಿದ್ದರು.

"ಭಾವ, ಟೀ ಆರಿಹೋಗುತ್ತೆ."

"ಬಂದೆ, ಬಂದೆ," ಎಂದರು, ನನ್ನ ಕಡೆ ತಿರುಗದೆ.

ಬರಲಿಲ್ಲ. ಒಂದು ಗಂಟೆಯ ಮೇಲೆ ಮಗಳು ಬಾಗಿಲಿಗೆ ಹೋಗಿ ನೋಡಿದಳು. ಅಲ್ಲಿಂದ ಹಾಗೇ ಹೊರಟುಹೋಗಿದ್ದರು. ಅಕ್ಕ ಮುಚ್ಚಿಟ್ಟಿದ್ದ ಲೋಟ ತೆಗೆದು, ತಣ್ಣಗಾದ ಟೀಯನ್ನು ತಾನೇ ನಿಂತುಕೊಂಡು ಕುಡಿದು, ಲೋಟ ತೊಳೆದು ಬೋರಲು ಹಾಕಿದಳು.